ಸಮುದ್ರದ ತಳ ಓದಲು ಜರ್ಮನಿಗೆ ಹೋಗಲಾ, ಮಂಗಳೂರೇ ಸಾಕಾ?

ಪ್ರಶ್ನೆ: ನಾನು ಹೊನ್ನಾವರದವಳು, 21 ವರ್ಷ. ಧಾರವಾಡದಲ್ಲಿ ಭೂವಿಜ್ಞಾನ, ರಸಾಯನಶಾಸ್ತ್ರ ತಗೊಂಡು ಬಿ.ಎಸ್ಸಿ ಮುಗಿಸಿದ್ದೇನೆ. ಸಿಜಿಪಿಎ 7.2. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದಲ್ಲಿ ಮರೈನ್ ಜಿಯೋಸೈನ್ಸಸ್ ಎಂ.ಎಸ್ಸಿ ಮಾಡುವ ಆಸೆ. ಕನ್ಸಲ್ಟೆನ್ಸಿಯವರು ‘ಅಲ್ಲಿ ಓದು ಫ್ರೀ, ಹೋದ ಮೇಲೆ ಪಾರ್ಟ್‌ಟೈಮ್ ಮಾಡಿಕೊಂಡರೆ ಖರ್ಚು ಕಳೆಯುತ್ತದೆ’ ಅನ್ನುತ್ತಾರೆ. ಆದರೆ ಮೊದಲೇ 12 ಲಕ್ಷ ಕಟ್ಟಬೇಕಂತೆ. ಅಪ್ಪ ಮನೆ ಅಡವಿಟ್ಟು ಸಾಲ ತೆಗೆಯಲು ರೆಡಿ ಇದ್ದಾರೆ. ದೊಡ್ಡಪ್ಪ ‘ಹಡಗಿನ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ, ವಾಪಸ್ ಬಂದರೆ ಇಲ್ಲಿ ಯಾರು ಕೆಲಸ ಕೊಡ್ತಾರೆ’ ಅಂತಾರೆ. ನನಗೆ ಈಜು ಬರುವುದಿಲ್ಲ, ದೋಣಿ ಹತ್ತಿದರೆ ವಾಂತಿ ಬರುತ್ತದೆ. ಮಂಗಳೂರಿನಲ್ಲೇ ಎಂ.ಎಸ್ಸಿ ಮಾಡುವುದು ಮೇಲಾ? ನೇರವಾಗಿ ಹೇಳಿ ಸರ್.

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ನಿಜವಾದ ಚಿಂತೆ ಒಂದೇ ಅಲ್ವಾ? ಮನೆ ಅಡವಿಟ್ಟು ಹೋಗಿ, ಎರಡು ವರ್ಷ ಕಷ್ಟಪಟ್ಟು, ಕೊನೆಗೆ ಇಲ್ಲಿ ಯಾರೂ ಕೇಳದ ಡಿಗ್ರಿ ಹಿಡಿದು ಬಂದರೆ ಅಪ್ಪನಿಗೆ ಏನು ಹೇಳುವುದು ಅಂತ. ಅದನ್ನು ಎದುರಿಗೆ ಇಟ್ಟುಕೊಂಡೇ ಉತ್ತರ ಕೊಡುತ್ತೇನೆ. ನಾನು ಸಮುದ್ರದ ಹೂಳು ಓದುವ ಕೆಲಸದಲ್ಲೇ ಇರುವವನು. ನಮ್ಮ ಕಡೆಯ ಮಕ್ಕಳು ಈ ಕೋರ್ಸಿಗೆ ಹೋಗಿ ಚೆನ್ನಾಗಿ ನೆಲೆ ಕಂಡಿದ್ದನ್ನೂ ನೋಡಿದ್ದೇನೆ, ಸಾಲದ ಚಿಂತೆಯಲ್ಲಿ ಥೀಸಿಸ್ ಅರ್ಧಕ್ಕೇ ನಿಂತಿದ್ದನ್ನೂ ನೋಡಿದ್ದೇನೆ.

ಮೊದಲು ಸುಲಭದ್ದು ಮುಗಿಸೋಣ. ಈಜು ಬರದಿದ್ದರೆ ಈ ಓದಿಗೆ ಏನೂ ಅಡ್ಡಿ ಇಲ್ಲ. ಸಂಶೋಧನಾ ಹಡಗು ಹತ್ತುವ ಮುಂಚೆ ವೈದ್ಯಕೀಯ ಪರೀಕ್ಷೆ ಆಗಬೇಕು. ಹತ್ತಿದ ಮೇಲೆ ಲೈಫ್‌ಜಾಕೆಟ್, ಲೈಫ್‌ಬೋಟ್ ಡ್ರಿಲ್ ಮಾಡಿಸುತ್ತಾರೆ, ಅದನ್ನು ಮೈಯೆಲ್ಲ ಕಿವಿಯಾಗಿ ಕೇಳಬೇಕು, ಅಷ್ಟೇ. ವಾಂತಿಯ ವಿಷಯಕ್ಕೆ ಬಂದರೆ, ವರ್ಷಗಟ್ಟಲೆ ಸಮುದ್ರದ ಮೇಲೆ ಕೆಲಸ ಮಾಡಿದವರಿಗೂ ಮೊದಲ ದಿನ ಹೊಟ್ಟೆ ತೊಳಸುವುದು ಉಂಟು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಮಾತ್ರೆ ಇದೆ, ಹಡಗಿನ ನಡುಭಾಗದಲ್ಲಿ ಅಲುಗಾಟ ಕಡಿಮೆ, ದಿಗಂತ ನೋಡುತ್ತಾ ಹೊರಗೆ ನಿಂತರೆ ಅರ್ಧ ಕಡಿಮೆಯಾಗುತ್ತದೆ. ಕೆಲವರಿಗೆ ಮಾತ್ರ ಎಷ್ಟು ದಿನವಾದರೂ ಹೋಗುವುದಿಲ್ಲ. ಅವರೂ ಈ ಕ್ಷೇತ್ರದಲ್ಲೇ ಇದ್ದಾರೆ, ದಡದ ಮೇಲಿನ ಲ್ಯಾಬಿನಲ್ಲಿ.

ದೊಡ್ಡಪ್ಪನವರ ಮಾತಿನ ಮೊದಲರ್ಧಕ್ಕೂ ಉತ್ತರ ಇದೆ. 1983ರಲ್ಲೇ ಸಾಗರವಿಜ್ಞಾನಿ ಅದಿತಿ ಪಂತ್ ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಭಾರತದ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೋಗಿಬಂದರು. ಬ್ರೆಮೆನ್ ಪಕ್ಕದ ಬ್ರೆಮರ್‌ಹಾಫೆನ್‌ನಲ್ಲಿರುವ ಧ್ರುವ ಮತ್ತು ಸಮುದ್ರ ಸಂಶೋಧನೆಯ ಆಲ್ಫ್ರೆಡ್ ವೇಗೆನರ್ ಸಂಸ್ಥೆಯನ್ನು 2017ರಿಂದ ವರ್ಷಗಟ್ಟಲೆ ನಡೆಸಿದವರು ಆಂಟ್ಯೆ ಬೋಯೆಟಿಯಸ್, ಆಳಸಮುದ್ರದ ಎಷ್ಟೋ ಯಾತ್ರೆಗಳ ಮುಖ್ಯ ವಿಜ್ಞಾನಿ. ಇವರ ಬಗ್ಗೆ ದೊಡ್ಡಪ್ಪನವರಿಗೆ ಹೇಳಿ.

ಅವರ ಮಾತಿನ ಎರಡನೇ ಅರ್ಧ, ಅಂದರೆ ಕೆಲಸದ ಪ್ರಶ್ನೆ, ಗಟ್ಟಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಈ ಓದು ಏನು ಅನ್ನುವುದು. ಸಾಗರ ಭೂವಿಜ್ಞಾನ ಅಂದರೆ ಎರಡು ವರ್ಷ ಹಡಗಿನಲ್ಲೇ ತಿರುಗಾಟ ಅಂದುಕೊಂಡು ಹೋದವರೇ ಜಾಸ್ತಿ ನಿರಾಶರಾಗುವುದು. ಮಾಸ್ಟರ್ಸ್ ಹಂತದಲ್ಲಿ ಹಡಗು ಸಿಕ್ಕರೆ ಒಂದು ಸಲ, ಕೆಲವು ವಾರ. ಕೆಲವರಿಗೆ ಅದೂ ಸಿಗುವುದಿಲ್ಲ. ಜರ್ಮನಿಯ ಹಡಗುಗಳು ದೊಡ್ಡವೇ: 1986ರ ‘ಮೆಟಿಯೋರ್’, 2014ರಲ್ಲಿ ಬಂದ ಹೊಸ ‘ಸೊನ್ನೆ’, ಧ್ರುವ ಪ್ರದೇಶಕ್ಕೆ ಹೋಗುವ ‘ಪೋಲಾರ್‌ಸ್ಟೆರ್ನ್’. ಆದರೆ ಒಂದು ಯಾತ್ರೆಯಲ್ಲಿ ವಿಜ್ಞಾನಿಗಳಿಗೆ ಇರುವ ಹಾಸಿಗೆ ಕೆಲವೇ ಡಜನ್, ಅದಕ್ಕೆ ಪಿಎಚ್‌ಡಿಯವರೂ ಪ್ರೊಫೆಸರುಗಳೂ ಸಾಲಿನಲ್ಲಿ ಇರುತ್ತಾರೆ.

ಉಳಿದ ಕಾಲವೆಲ್ಲ ಏನು ಮಾಡುತ್ತೀರಿ? ಹೂಳಿನ ಜೊತೆ ಇರುತ್ತೀರಿ. ತಲೆಗೆ ಭಾರ ಕಟ್ಟಿದ ಉದ್ದ ಕಬ್ಬಿಣದ ಕೊಳವೆಯನ್ನು ಸಮುದ್ರತಳಕ್ಕೆ ಇಳಿಸಿ ಚುಚ್ಚುತ್ತಾರೆ, ಅದರೊಳಗೆ ಐದು ಮೀಟರೋ ಹತ್ತು ಮೀಟರೋ ಹೂಳು ಬರುತ್ತದೆ. ಅದೇ ಕೋರ್. ಒಂದೊಂದು ಮೀಟರಿಗೆ ತುಂಡು ಮಾಡಿ, ಉದ್ದಕ್ಕೆ ಸೀಳುತ್ತಾರೆ. ಒಂದು ಅರ್ಧ ಯಾರೂ ಮುಟ್ಟದ ಹಾಗೆ ದಾಸ್ತಾನಿಗೆ, ಇನ್ನೊಂದು ಅರ್ಧ ನಿಮ್ಮ ಮೇಜಿಗೆ. ಮೇಲ್ಮೈಯನ್ನು ಗಾಜಿನ ಚೂರಿನಿಂದ ಅಡ್ಡಡ್ಡ ಹೆರೆದು ನುಣುಪು ಮಾಡಬೇಕು, ಉದ್ದುದ್ದ ಹೆರೆದರೆ ಮೇಲಿನ ಪದರದ ಕೆಸರು ಕೆಳಗಿನದಕ್ಕೆ ಮೆತ್ತಿ ಲೆಕ್ಕವೆಲ್ಲ ಕೆಡುತ್ತದೆ. ಬಣ್ಣವನ್ನು ಚಾರ್ಟಿಗೆ ಹಿಡಿದು ನೋಡಿ ಬರೆದುಕೊಳ್ಳಬೇಕು. ಆಮೇಲೆ ಕೆಲವು ಸೆಂಟಿಮೀಟರಿಗೊಂದು ಸ್ಯಾಂಪಲ್, ತೂಕ, 63 ಮೈಕ್ರಾನ್ ಜರಡಿಯಲ್ಲಿ ತೊಳೆಯುವುದು, ಓವನ್ನಿನಲ್ಲಿ ಒಣಗಿಸುವುದು. ಜರಡಿಯಲ್ಲಿ ಉಳಿದದ್ದನ್ನು ಕಪ್ಪು ತಟ್ಟೆಗೆ ಉದುರಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಫೊರಾಮಿನಿಫೆರಾ ಕಾಣುತ್ತವೆ. ಒಂದೇ ಜೀವಕೋಶದ ಜೀವಿಗಳ ಸುಣ್ಣದ ಚಿಪ್ಪು, ರಾಗಿ ಕಾಳಿಗಿಂತ ಎಷ್ಟೋ ಸಣ್ಣವು, ಸುರುಳಿ ಸುರುಳಿಯಾಗಿ. ಒಂದೆರಡು ಕೂದಲೆಳೆಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಒಂದೊಂದನ್ನೇ ಎತ್ತಿಡಬೇಕು. ಒಂದು ಸ್ಯಾಂಪಲ್ಲಿಗೆ 300 ಚಿಪ್ಪು ಎಣಿಸುವುದು ವಾಡಿಕೆ. ಈ ಚಿಪ್ಪಿನ ಆಮ್ಲಜನಕದ ಐಸೋಟೋಪುಗಳಿಂದ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಿಂದ, ಆ ಕಾಲದ ನೀರಿನ ಬಿಸಿ ಎಷ್ಟಿತ್ತು, ಧ್ರುವದಲ್ಲಿ ಹಿಮ ಎಷ್ಟಿತ್ತು ಅನ್ನುವುದರ ಸುಳಿವು ಸಿಗುತ್ತದೆ. ಇದರಲ್ಲಿ ಸಿಗುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆದರೆ ದಿನಕ್ಕೆ ಆರು ತಾಸು ಕೂತು ಮಾಡುವ ಕೆಲಸ ಇದು, ಎಲ್ಲರಿಗೂ ಒಗ್ಗುವುದಿಲ್ಲ.

ಹೂಳು ಬೇಡ ಅಂದರೆ ಭೂಭೌತಶಾಸ್ತ್ರದ ಕಡೆ ಹೋಗಬಹುದು: ಶಬ್ದದ ಅಲೆ ಬಿಟ್ಟು ಸಮುದ್ರತಳದ ನಕ್ಷೆ ಮಾಡುವುದು, ಪದರಗಳನ್ನು ನೋಡುವುದು. ಅಲ್ಲಿ ಕಂಪ್ಯೂಟರ್ ಕೆಲಸವೇ ಪೂರ್ತಿ. ಗಣಿತ ಗಟ್ಟಿ ಇರಬೇಕು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರಬೇಕು. ನೀವು ರಸಾಯನಶಾಸ್ತ್ರ ಓದಿದವರು, ಹಾಗಾಗಿ ಹೂಳಿನ ರಸಾಯನವೋ ಪ್ರಾಚೀನ ಹವಾಮಾನವೋ ನಿಮಗೆ ಹತ್ತಿರ.

ಹಾಗಾಗಿ ಒಂದು ಪರೀಕ್ಷೆ ಹೇಳುತ್ತೇನೆ, ಹೆಚ್ಚು ಖರ್ಚಿಲ್ಲ. ನಿಮ್ಮೂರಲ್ಲೇ ಶರಾವತಿ ಅಳಿವೆ ಇದೆ. ಇಳಿತದ ಹೊತ್ತಿಗೆ ದಂಡೆಯಿಂದ ಮೇಲ್ಪದರದ ಒಂದು ಹಿಡಿ ಕೆಸರು ತನ್ನಿ. ನಿಮ್ಮ ಕಾಲೇಜಿನ ಮೇಷ್ಟ್ರನ್ನು ಕೇಳಿ ಜರಡಿ, ಮೈಕ್ರೋಸ್ಕೋಪ್ ಹೊಂದಿಸಿಕೊಳ್ಳಿ. ತೊಳೆದು, ಒಣಗಿಸಿ, ಚಿಪ್ಪು ಹುಡುಕಿ. ಒಂದು ವಾರ ದಿನಾ ನಾಲ್ಕು ತಾಸು ಕೂತು ನೋಡಿ. ವಾರದ ಕೊನೆಗೆ ‘ಇನ್ನೊಂದು ಸ್ಯಾಂಪಲ್ ನೋಡೋಣ’ ಅನಿಸಿದರೆ ಮುಂದಿನದು ಓದಿ. ಸಾಕಪ್ಪಾ ಅನಿಸಿದರೆ 12 ಲಕ್ಷದ ಪ್ರಶ್ನೆಯೇ ಉಳಿಯುವುದಿಲ್ಲ.

ಈಗ ದುಡ್ಡು. ‘ಜರ್ಮನಿಯಲ್ಲಿ ಓದು ಫ್ರೀ’ ಅನ್ನುವುದು ಅರ್ಧ ನಿಜ. ಬ್ರೆಮೆನ್ ಸರ್ಕಾರಿ ವಿಶ್ವವಿದ್ಯಾಲಯ, ಬೋಧನಾ ಶುಲ್ಕ ಇಲ್ಲ. ಆರು ತಿಂಗಳಿಗೊಮ್ಮೆ ಸೆಮಿಸ್ಟರ್ ಫೀಸು ಕೆಲವು ನೂರು ಯೂರೋ ಇರುತ್ತದೆ, ಅದರಲ್ಲಿ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಜರ್ಮನಿಯ ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ, ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ.

ಕನ್ಸಲ್ಟೆನ್ಸಿಯವರು ಹೇಳಿದ 12 ಲಕ್ಷ ಫೀಸು ಅಲ್ಲ. ಅದು ಬ್ಲಾಕ್ಡ್ ಅಕೌಂಟ್. ಒಂದು ವರ್ಷ ಬದುಕಲು ದುಡ್ಡಿದೆ ಅಂತ ವೀಸಾಗೆ ತೋರಿಸಬೇಕು. ಮೊತ್ತ 11,904 ಯೂರೋ, ಹೋದ ಮೇಲೆ ತಿಂಗಳಿಗೆ 992ರಂತೆ ನಿಮಗೇ ವಾಪಸ್ ಬರುತ್ತದೆ. ಯೂರೋಗೆ 100 ರೂಪಾಯಿ ಎಂದು ಹಿಡಿದರೂ 12 ಲಕ್ಷದ ಹತ್ತಿರ. ಇಲ್ಲಿ ಎಲ್ಲರೂ ಮರೆಯುವ ವಿಷಯ ಏನೆಂದರೆ ಅದು ಒಂದೇ ವರ್ಷದ ದುಡ್ಡು, ಕೋರ್ಸು ಎರಡು ವರ್ಷದ್ದು, ಮತ್ತು ಥೀಸಿಸ್ ಎಳೆದು ಐದನೇ ಸೆಮಿಸ್ಟರಿಗೆ ಹೋಗುವುದು ಅಪರೂಪ ಏನಲ್ಲ. ಆ 992ರಲ್ಲಿ ಆರೋಗ್ಯ ವಿಮೆಗೇ ಸುಮಾರು 140 ಹೋಗುತ್ತದೆ. ರೂಮಿಗೆ 350ರಿಂದ 500. ಉಳಿದದ್ದರಲ್ಲಿ ಊಟ, ಫೋನು, ಬಟ್ಟೆ. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಸಾಲುತ್ತದೆ, ಆದರೆ ಉಳಿಯುವುದಿಲ್ಲ. ಅಂದರೆ ಒಟ್ಟು ಲೆಕ್ಕ 24 ಲಕ್ಷದ ಆಸುಪಾಸು ಅಂತ ಇಟ್ಟುಕೊಳ್ಳಿ.

ಪಾರ್ಟ್‌ಟೈಮ್ ಕೆಲಸ ಕಾನೂನು ಪ್ರಕಾರ ಮಾಡಬಹುದು, ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ಜರ್ಮನ್ ಬಾರದವರಿಗೆ ಸಿಗುವುದು ಗೋದಾಮು, ಡೆಲಿವರಿ, ಹೋಟೆಲಿನ ಪಾತ್ರೆ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಗ್ಗೆ ಐಸೋಟೋಪ್ ಪಾಠ ಕೇಳುವುದು ಆಗದ ಮಾತು, ಅಂಕ ಬೀಳುವುದು ಅಲ್ಲೇ. ಲ್ಯಾಬಿನ ಸಹಾಯಕ ಕೆಲಸ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ದುಡ್ಡೂ ಬರುತ್ತದೆ, ಜರಡಿ ತೊಳೆಯುತ್ತಾ ಕೈಯೂ ಪಳಗುತ್ತದೆ, ಮುಂದೆ ಥೀಸಿಸ್ಸಿಗೆ ಅದೇ ತಂಡ ಜಾಗ ಕೊಡುತ್ತದೆ. ಆದರೆ ಅದು ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಕಳೆದು ಅವರಿಗೆ ನಿಮ್ಮ ಪರಿಚಯ ಆದ ಮೇಲೆ ಸಿಗುವ ಕೆಲಸ. ಅದನ್ನು ನೆಚ್ಚಿಕೊಂಡು ಇಲ್ಲಿ ಸಾಲ ಮಾಡಬೇಡಿ.

ಇಷ್ಟೆಲ್ಲ ಇದ್ದೂ ಬ್ರೆಮೆನ್ ಯಾಕೆ ಅಂತ ಕೇಳಿದರೆ, ಕಾರಣ ಗಟ್ಟಿಯಾಗಿದೆ. ಅಲ್ಲಿನ ವಿಶ್ವವಿದ್ಯಾಲಯದ ಸಮುದ್ರ ಸಂಶೋಧನಾ ಕೇಂದ್ರ ಮಾರುಮ್‌ನಲ್ಲಿ ಆಳಸಮುದ್ರ ಕೊರೆದು ತಂದ 150 ಕಿ.ಮೀ.ಗೂ ಜಾಸ್ತಿ ಉದ್ದದ ಕೋರುಗಳು 4 ಡಿಗ್ರಿ ತಂಪಿನಲ್ಲಿ ಕಪಾಟು ಕಪಾಟಾಗಿ ಇವೆ. ಅಟ್ಲಾಂಟಿಕ್, ಆರ್ಕ್ಟಿಕ್, ಮೆಡಿಟರೇನಿಯನ್, ಕಪ್ಪು ಸಮುದ್ರ, ಎಲ್ಲದರದೂ. ಲೋಕದ ನಾನಾ ಕಡೆಯಿಂದ ಜನ ಸ್ಯಾಂಪಲ್ ತಗೊಳ್ಳಲು ಅಲ್ಲಿಗೆ ಬರುತ್ತಾರೆ. ಅದೇ ಊರಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ಕೋರ್ಸು ಇಂಗ್ಲಿಷಿನಲ್ಲಿದೆ. ಆದರೆ ನಿಮಗೆ ನಮ್ಮ ಅರಬ್ಬಿ ಸಮುದ್ರದ, ಮಳೆಗಾಲದ ಇತಿಹಾಸವೇ ಬೇಕು ಅಂತಿದ್ದರೆ ಒಂದು ವಿಷಯ ತಿಳಿದಿರಲಿ: 2015ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಅರಬ್ಬಿ ಸಮುದ್ರದ ಲಕ್ಷ್ಮಿ ಬೇಸಿನ್ನಿನಲ್ಲಿ ಕೊರೆದ ಕೋರುಗಳು ಬ್ರೆಮೆನ್ನಿನಲ್ಲಿ ಇಲ್ಲ, ಜಪಾನಿನ ಕೋಚಿಯಲ್ಲಿವೆ. ನಿಮ್ಮ ಆಸಕ್ತಿಯ ವಿಷಯದ ಮೇಲೆ ಕೆಲಸ ಮಾಡುವ ತಂಡ ಅಲ್ಲಿ ಇದೆಯಾ ಅಂತ ನೋಡದೆ ಊರಿನ ಹೆಸರು ನೋಡಿ ಅರ್ಜಿ ಹಾಕುವವರು ಬಹಳ. ಕೀಲ್ ಊರಿನಲ್ಲೂ ಒಳ್ಳೆಯ ಸಂಸ್ಥೆ ಇದೆ, ಜಿಯೋಮಾರ್, ಅದನ್ನೂ ನೋಡಿ. ನಾರ್ವೆ 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಹಾಕಿದೆ, ಬ್ರಿಟನ್ ದುಬಾರಿ. ಎರಡನ್ನೂ ಬಿಡಿ.

ಅಂಕದ ಬಗ್ಗೆ ಚಿಂತೆ ಬೇಡ, ಹಾಗಂತ ನಿರಾಳವಾಗಿ ಇರಲೂ ಬೇಡಿ. ಜರ್ಮನಿಯಲ್ಲಿ 1.0 ಅಂದರೆ ಎಲ್ಲರಿಗಿಂತ ಮೇಲೆ, 4.0 ಅಂದರೆ ಬರೀ ಪಾಸು. ಅವರ ಸೂತ್ರದ ಪ್ರಕಾರ, ಹತ್ತಕ್ಕೆ ಪಾಸ್ ಅಂಕ 4 ಎಂದು ಹಿಡಿದರೆ ನಿಮ್ಮ 7.2 ಅಂದರೆ 2.4. ಪರವಾಗಿಲ್ಲ, ಆದರೆ ಅದನ್ನೇ ನೋಡಿ ಕರೆಯುವಷ್ಟು ಹೆಚ್ಚಿಲ್ಲ. ನೀವು ಯಾಕೆ ಈ ಕೋರ್ಸಿಗೆ ಬರುತ್ತಿದ್ದೀರಿ ಅನ್ನುವ ಪತ್ರದಲ್ಲಿ ಆ ಅಳಿವೆಯ ಕೆಸರಿನ ಕೆಲಸ ಇದ್ದರೆ ತೂಕವೇ ಬೇರೆ. ‘ಚಿಕ್ಕಂದಿನಿಂದ ಸಮುದ್ರ ಅಂದರೆ ಇಷ್ಟ’ ಅಂತ ಬರೆದ ಪತ್ರಗಳು ಅವರ ಬಳಿ ರಾಶಿ ಇರುತ್ತವೆ.

ಇನ್ನು ಕೆಲಸ. ಜರ್ಮನಿಯಲ್ಲಿ ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ಎಣ್ಣೆ, ಗ್ಯಾಸ್ ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವುದು ಹಳೇ ಮಾತು. ಈಗ ಉತ್ತರ ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಮುಂಚೆ ತಳದ ಮಣ್ಣು ಎಂಥದ್ದು ಅಂತ ನೋಡಬೇಕು, ಕೇಬಲ್ ಹಾಯಿಸುವ ದಾರಿ ಸರ್ವೆ ಮಾಡಬೇಕು, ಎರಡನೇ ಮಹಾಯುದ್ಧದ ಬಾಂಬುಗಳು ತಳದಲ್ಲಿ ಬಿದ್ದಿರುವುದನ್ನು ಹುಡುಕಬೇಕು. ಈ ಕಂಪನಿಗಳಿಗೆ ಸಮುದ್ರತಳ ಓದಬಲ್ಲವರು ಬೇಕು. ಹಡಗಿನ ಮೇಲೆ ಇಂಗ್ಲಿಷ್ ನಡೆಯುತ್ತದೆ, ಆಫೀಸಿನಲ್ಲಿ ಜರ್ಮನ್ ಕೇಳುತ್ತಾರೆ. ಕೋರ್ಸು ಇಂಗ್ಲಿಷಿನಲ್ಲಿದೆ ಅಂತ ಎರಡು ವರ್ಷ ಜರ್ಮನ್ ಕಲಿಯದೆ ಕೂತವರೇ ಕೊನೆಗೆ ಕೆಲಸ ಸಿಗದೆ ಒದ್ದಾಡುವುದು. ಹೊರಡುವ ಮುಂಚೆಯೇ ಜರ್ಮನ್ ಭಾಷೆಯ ಮೊದಲ ಎರಡು ಹಂತವಾದರೂ (ಎ1, ಎ2) ಮುಗಿಸಿರಬೇಕು.

ವಾಪಸ್ ಬರುವವರ ಪಾಲಿಗೆ ದೊಡ್ಡಪ್ಪನವರ ಪ್ರಶ್ನೆ ನಿಜ. ಇಲ್ಲಿ ಖಾಸಗಿ ಕೆಲಸ ಕಡಿಮೆ. ಇರುವುದು ಸರ್ಕಾರಿ ಸಂಸ್ಥೆಗಳು: ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಚೆನ್ನೈನಲ್ಲಿ ಮತ್ಸ್ಯ 6000 ಜಲಾಂತರ್ಗಾಮಿ ಕಟ್ಟುತ್ತಿರುವ ಸಾಗರ ತಂತ್ರಜ್ಞಾನ ಸಂಸ್ಥೆ. ಎಲ್ಲಕ್ಕಿಂತ ನಿಮಗೆ ಹತ್ತಿರದ್ದು ಮಂಗಳೂರಿನಲ್ಲೇ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ, ಅಂದರೆ ಜಿಎಸ್‌ಐನ, ಸಾಗರ ಮತ್ತು ಕರಾವಳಿ ಸರ್ವೆ ವಿಭಾಗದ ಕೇಂದ್ರ ಕಚೇರಿ ಅಲ್ಲಿದೆ, ‘ಸಮುದ್ರ ರತ್ನಾಕರ’ ಹಡಗು ಅವರದ್ದೇ. ಅಲ್ಲಿಗೆ ಸೇರಲು ಯುಪಿಎಸ್‌ಸಿ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಸಾಗರ ಭೂವಿಜ್ಞಾನದ ಎಂ.ಎಸ್ಸಿ ಅದಕ್ಕೆ ನಡೆಯುತ್ತದೆ. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 32, ನಿಮಗೆ ಬೇಕಾದಷ್ಟು ಸಮಯ ಇದೆ. ಆದರೆ ಆ ಪರೀಕ್ಷೆಯಲ್ಲಿ ಕೇಳುವುದು ಇಡೀ ಭೂವಿಜ್ಞಾನ: ಖನಿಜ, ಶಿಲೆ, ರಚನೆ, ಅದಿರು, ಅಂತರ್ಜಲ. ಬ್ರೆಮೆನ್ನಿನಲ್ಲಿ ಎರಡು ವರ್ಷ ಹೂಳು ಓದಿ ಬಂದವರು ಅದಕ್ಕೆ ಮತ್ತೆ ಮೊದಲಿನಿಂದ ಕೂರಬೇಕು. ವಿದೇಶಿ ಡಿಗ್ರಿಗೆ ಸಮಾನತೆಯ ಪತ್ರ ತರುವ ಓಡಾಟ ಬೇರೆ.

ಹಾಗಾದರೆ ದಾರಿ ಯಾವುದು? ಯಾರೂ ನಿಮಗೆ ಹೇಳಿರದ ಒಂದು ವಿಷಯ ಇದೆ. ಜರ್ಮನಿಯಲ್ಲಿ ಮಾಸ್ಟರ್ಸ್ ಓದಲು ನೀವು ದುಡ್ಡು ಹಾಕಬೇಕು, ಆದರೆ ಪಿಎಚ್‌ಡಿ ಮಾಡಿದರೆ ಅವರೇ ಸಂಬಳ ಕೊಡುತ್ತಾರೆ. ಅಲ್ಲಿ ಪಿಎಚ್‌ಡಿ ಅಂದರೆ ಬಹುಪಾಲು ಒಂದು ಉದ್ಯೋಗ, ಕರಾರುಪತ್ರ ಇರುತ್ತದೆ, ವಿಮೆ ಇರುತ್ತದೆ, ಹಡಗು ಸಿಗುವ ಅವಕಾಶವೂ ಜಾಸ್ತಿ. ಭಾರತದ ಎಂ.ಎಸ್ಸಿ ಹಿಡಿದು ಅದಕ್ಕೆ ಹೋದವರು ಎಷ್ಟೋ ಜನ ಇದ್ದಾರೆ.

ಅದಕ್ಕೇ ನನ್ನ ಅಭಿಪ್ರಾಯ ನೇರ: ಮನೆ ಅಡವಿಟ್ಟು ಮಾಸ್ಟರ್ಸಿಗೆ ಹೋಗಬೇಡಿ. ಎರಡು ವರ್ಷದ ಪೂರ್ತಿ ಖರ್ಚು ಮನೆ ಮುಟ್ಟದೆ ಹೊಂದುವುದಾದರೆ, ಅಥವಾ ವಿದ್ಯಾರ್ಥಿವೇತನ ಸಿಕ್ಕರೆ, ಸಂತೋಷವಾಗಿ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ ‘ಪ್ರಬುದ್ಧ’ ಯೋಜನೆ ವಿಚಾರಿಸಿ. ಅಲ್ಲಿ ಸೇರಿದ ಮೇಲೆ ‘ಡಾಯ್ಚ್‌ಲಾಂಡ್ ಸ್ಟಿಪೆಂಡಿಯಂ’ ಅಂತ ತಿಂಗಳಿಗೆ 300 ಯೂರೋ ಕೊಡುವ ವೇತನ ಇದೆ, ಯಾವ ದೇಶದವರಾದರೂ ಅರ್ಜಿ ಹಾಕಬಹುದು.

ಅದು ಆಗದಿದ್ದರೆ ಮಂಗಳೂರು. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇದೆ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲೂ ಇದೆ. ಈ ವರ್ಷ ಬ್ಯಾಚ್ ನಡೆಯುತ್ತದಾ, ಎಷ್ಟು ಸೀಟು, ವಿಭಾಗಕ್ಕೇ ಹೋಗಿ ಕೇಳಿ ಖಚಿತ ಮಾಡಿಕೊಳ್ಳಿ. ಇದರಲ್ಲೂ ರಿಸ್ಕ್ ಇದೆ. ಬ್ರೆಮೆನ್ನಿನಲ್ಲಿ ಇರುವ ಯಂತ್ರಗಳು ಇಲ್ಲಿ ಕೈಗೆ ಸಿಗುವುದಿಲ್ಲ. ಸುಮ್ನೆ ಕ್ಲಾಸಿಗೆ ಹೋಗಿಬಂದರೆ ಎರಡು ವರ್ಷದ ಕೊನೆಗೆ ಪಿಎಚ್‌ಡಿಗೆ ತೋರಿಸಲು ಏನೂ ಇರುವುದಿಲ್ಲ. ಪ್ರಾಜೆಕ್ಟನ್ನು ಗೋವಾದ ಸಂಸ್ಥೆಗಳಲ್ಲಿ ಮಾಡಲು ಮೊದಲ ವರ್ಷದಿಂದಲೇ ಪತ್ರ ಬರೆಯುತ್ತಿರಬೇಕು, ಹತ್ತು ಕಡೆ ಬರೆದರೆ ಒಂದು ಕಡೆಯಿಂದ ಉತ್ತರ ಬರುತ್ತದೆ. ಜೊತೆಗೆ ಭೂವಿಜ್ಞಾನದ ಸಿಎಸ್‌ಐಆರ್ ನೆಟ್, ಗೇಟ್ ಬರೆಯಿರಿ. ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ ತಿಂಗಳಿಗೆ 37,000 ರೂಪಾಯಿ, ಇಲ್ಲೇ ಸಂಶೋಧನೆ ಶುರು ಮಾಡಬಹುದು. ಜಿಎಸ್‌ಐ ಬಾಗಿಲೂ ತೆರೆದೇ ಇರುತ್ತದೆ. ಬ್ರೆಮೆನ್ನಿನ ಪಿಎಚ್‌ಡಿ ಜಾಗಕ್ಕೂ ಅರ್ಜಿ ಹಾಕಬಹುದು. ಅಲ್ಲಿ ಪೈಪೋಟಿ ಜಾಸ್ತಿ, ಅಲ್ಲೇ ಓದಿದವರಿಗೆ ಪರಿಚಯದ ಬಲ ಇರುತ್ತದೆ, ಅದು ನಿಜ. ಆದರೆ ಸಿಗದೇ ಹೋದರೂ ನಿಮ್ಮ ಮನೆ ನಿಮ್ಮದಾಗಿಯೇ ಇರುತ್ತದೆ.

ನೇರ ಬ್ರೆಮೆನ್ನಿಗೇ ಹೋಗುವುದು ಅಂತ ತೀರ್ಮಾನ ಆದರೆ ಎರಡು ವಿಷಯ ನೆನಪಿಡಿ. ಹಡಗಿನಲ್ಲಿ ಜಾಗ ಸಿಕ್ಕಿತು ಅಂದ ತಕ್ಷಣ ಅದು ಯಾವ ಬಂದರಿನಿಂದ ಹೊರಟು ಎಲ್ಲಿ ಮುಗಿಯುತ್ತದೆ ನೋಡಿ. ಕೇಪ್‌ಟೌನಿನಲ್ಲೋ ಬ್ರೆಜಿಲ್ಲಿನಲ್ಲೋ ಇಳಿಯುವುದಾದರೆ ಜರ್ಮನ್ ಸಹಪಾಠಿಗಳು ಸುಮ್ಮನೆ ಚೀಲ ಹೆಗಲಿಗೆ ಹಾಕಿ ಹೊರಡುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು, ಅದಕ್ಕೆ ವಾರಗಟ್ಟಲೆ ಬೇಕು. ನಿಮ್ಮ ಜರ್ಮನ್ ವಾಸದ ಪರವಾನಗಿ ಆ ಹೊತ್ತಿಗೆ ನವೀಕರಣಕ್ಕೆ ಹೋಗಿರಬಾರದು. ಇದನ್ನು ಯಾತ್ರೆಯ ಮುಖ್ಯ ವಿಜ್ಞಾನಿಗೆ ಮೊದಲೇ ಹೇಳಿ, ಅವರು ಪತ್ರ ಕೊಡುತ್ತಾರೆ.

ಇನ್ನೊಂದು ಕಾಗದಪತ್ರದ್ದು. ಭಾರತದಿಂದ ಹೋಗುವವರಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಇಲ್ಲಿನ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ, ಅದಿಲ್ಲದೆ ಬೆಂಗಳೂರಿನ ಜರ್ಮನ್ ದೂತಾವಾಸ ವೀಸಾ ಅರ್ಜಿ ಮುಟ್ಟುವುದಿಲ್ಲ. ಅದಕ್ಕೆ 18,000 ರೂಪಾಯಿ ಶುಲ್ಕ, ಬರಲು ತಿಂಗಳುಗಳೇ ಹಿಡಿಯಬಹುದು. ನಮ್ಮ ಕಡೆಯ ಮಕ್ಕಳು ಸಿಕ್ಕಿಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್, ಡಿಗ್ರಿಯಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಉದ್ದ. ಮೂರನ್ನೂ ಪಕ್ಕಪಕ್ಕ ಇಟ್ಟು ಈಗಲೇ ನೋಡಿ. ಒಂದಕ್ಷರ ವ್ಯತ್ಯಾಸ ಇದ್ದರೂ ಅಫಿಡವಿಟ್ ಮಾಡಿಸಿ, ಆಗುವುದಾದರೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ತಿದ್ದಿಸಿ. ಧಾರವಾಡಕ್ಕೆ ಒಂದು ಸಲ ಹೋಗಿ ಬಂದರೆ ಮುಗಿಯುವ ಕೆಲಸ ಅಲ್ಲ ಅದು, ಹಾಗಾಗಿ ಬ್ರೆಮೆನ್ನೋ ಮಂಗಳೂರೋ ಅಂತ ತೀರ್ಮಾನ ಆಗುವವರೆಗೆ ಕಾಯಬೇಡಿ, ಈ ವಾರವೇ ಶುರು ಮಾಡಿ.